ಹದಿನೇಳನೆಯ ಬೀಗ

ಅಕ್ತರ್ ಅವರ ಬಗ್ಗೆ ನಮ್ಮ ಕಂಪನಿಯಲ್ಲಿ ಈಗ ಉಳಿದಿರುವುದು ಒಂದೇ ಒಂದು ಸಾಲು. ೧೯೯೯ನೇ ಇಸವಿಯ ದಾಖಲೆಯ ಹಾಳೆಯೊಂದರಲ್ಲಿ ಅವರ ಹೆಸರು, ಅದರ ಮುಂದೆ ‘ನಿರ್ಲಕ್ಷ್ಯ’ ಎಂಬ ಷರಾ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಪಾಠ ಹೇಳುವಾಗ ಆ ಹಾಳೆಯನ್ನು ಗೋಡೆಯ ಮೇಲೆ ದೊಡ್ಡದು ಮಾಡಿ ತೋರಿಸಿ, ನೋಡಿ, ಹೀಗೆ ಮೈಮರೆತು ಕೆಲಸ ಮಾಡಬಾರದು ಎಂದು ಹೇಳುವುದು ನಮ್ಮಲ್ಲಿ ಪದ್ಧತಿ. ಎರಡು ವರ್ಷ ಆ ಪಾಠ ಮಾಡಿದವಳು ನಾನೇ. ಥೂ, ನನ್ನ ಜನ್ಮಕ್ಕಿಷ್ಟು!

ಆ ಮನುಷ್ಯ ಎಂಥವರು ಎಂದು ಒಂದು ಕಡೆಯಾದರೂ ನೆಟ್ಟಗೆ ಬರೆದಿರಲಿ ಅನ್ನಿಸಿ ಕೂತಿದ್ದೇನೆ. ಯಾರು ಓದುತ್ತಾರೋ ಬಿಡುತ್ತಾರೋ ಗೊತ್ತಿಲ್ಲ.

ಅವರು ಶಿವಾಜಿನಗರದವರು. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅವರ ತಂದೆಗೆ ರೇಡಿಯೋ ರಿಪೇರಿ ಅಂಗಡಿ ಇತ್ತು. ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ತಮಿಳು, ನಮ್ಮ ಜೊತೆ ಕನ್ನಡ; ಬೈಯುವಾಗ ಮಾತ್ರ ಮೂರೂ ಸೇರಿಸಿ. ಡಿಪ್ಲೊಮಾ ಮಾಡಿಕೊಂಡು ೧೯೯೬ರಲ್ಲಿ ನಮ್ಮ ಕಂಪನಿಗೆ ಸರ್ವಿಸ್ ಕೆಲಸಕ್ಕೆ ಸೇರಿದರು. ಇಂದಿರಾನಗರದ ಒಂದು ಹಳೆಯ ಬಂಗಲೆಯ ಕೆಳಮನೆಯೇ ನಮ್ಮ ಆಫೀಸು. ಅಡುಗೆಮನೆಯ ಕಟ್ಟೆಯ ಮೇಲೆ ಬೆಸುಗೆ ಹಾಕುವ ಸಾಮಾನು, ದೇವರ ಕೋಣೆಯಲ್ಲಿ ಬ್ಯಾಟರಿಗಳು. ಹತ್ತಿರದ ನಿಲ್ದಾಣದಲ್ಲಿ ವಿಮಾನ ಇಳಿಯುವ ಹೊತ್ತಿಗೆ ಕಿಟಕಿಯ ಗಾಜೆಲ್ಲ ಗಡಗಡ ಅನ್ನುತ್ತಿತ್ತು, ಎಲ್ಲರೂ ಮಾತು ನಿಲ್ಲಿಸಿ ಅದು ಹೋಗಲಿ ಎಂದು ಕಾಯುತ್ತಿದ್ದೆವು.

ನಾವು ಮಾಡುತ್ತಿದ್ದುದು ಆಸ್ಪತ್ರೆಯ ಮಾನಿಟರು. ಎಂಟು ಹಾಸಿಗೆಯ ರೋಗಿಗಳ ಎದೆಬಡಿತ ನರ್ಸ್ ಮೇಜಿನ ಮೇಲಿನ ಒಂದೇ ಪರದೆಯಲ್ಲಿ ಅಲೆ ಅಲೆಯಾಗಿ ಓಡುತ್ತದೆ, ಪಕ್ಕದಲ್ಲಿ ಸಂಖ್ಯೆ. ಬಡಿತ ಏರುಪೇರಾದರೆ ಪೀಪೀ ಎಂದು ಕೂಗುತ್ತದೆ. ಅದರೊಳಗಿನ ಆಪರೇಟಿಂಗ್ ಸಿಸ್ಟಂ ಕೂಡ ನಮ್ಮದೇ. ಅದನ್ನು ಬರೆದವನು ಮಧ್ಯದಲ್ಲೇ ಬಿಟ್ಟುಹೋಗಿದ್ದ. ಅವನು ಬರೆದದ್ದನ್ನು ಓದಿ ಅರ್ಥ ಮಾಡಿಕೊಂಡವರು ಇಡೀ ಆಫೀಸಿನಲ್ಲಿ ಅಕ್ತರ್ ಒಬ್ಬರೇ. ಪ್ರಿಂಟರಿನಿಂದ ಮಡಿಕೆ ಮಡಿಕೆಯಾಗಿ ಬರುವ ಆ ಉದ್ದದ ಕಾಗದವನ್ನು ಮನೆಗೆ ಒಯ್ದು, ಹೆಂಡತಿ ಮೆಹರುನ್ನೀಸಾ ಅಡುಗೆ ಮಾಡುತ್ತಿದ್ದರೆ ಇವರು ನಡುಮನೆಯಲ್ಲಿ ಹಾಸಿಕೊಂಡು ಓದುತ್ತಿದ್ದರಂತೆ. ಹೀಗೆ ಎರಡು ವರ್ಷ. ಓದು ಎಂದು ಯಾರೂ ಹೇಳಿರಲಿಲ್ಲ, ಓದಿದ್ದಕ್ಕೆ ಯಾರೂ ಶಹಬ್ಬಾಸ್ ಅನ್ನಲೂ ಇಲ್ಲ.

ನಾನು ಜಯಮಾಲಾ. ಸೇಡಂ ಕಡೆಯವಳು. ಎಂಜಿನಿಯರಿಂಗ್ ಮುಗಿಸಿ ೧೯೯೮ರಲ್ಲಿ ಅದೇ ಕಂಪನಿಗೆ ಬಂದೆ. ಜೀವನ್ ಬಿಮಾ ನಗರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ನಾನು, ನಮ್ಮ ಅವ್ವ ಭೀಮಬಾಯಿ ಇದ್ದೆವು. ನನಗೂ ಅಕ್ತರ್ ಅವರಿಗೂ ಇದ್ದುದು ತಾತ್ಕಾಲಿಕ ಕೆಲಸ. ಒಬ್ಬರನ್ನು ಕಾಯಂ ಮಾಡುತ್ತೇವೆ, ಇಬ್ಬರಿಗೆ ಜಾಗವಿಲ್ಲ ಎಂದು ಮ್ಯಾನೇಜರು ಮೊದಲೇ ಹೇಳಿಬಿಟ್ಟಿದ್ದ. ಅವನ ಹೆಸರು ಶಿವಪುತ್ರ, ಅವನೂ ನಮ್ಮ ಕಲಬುರಗಿ ಕಡೆಯವನೇ. ಎದುರಿಗೆ ಈಗಲೂ ಸರ್ ಅನ್ನುತ್ತೇನೆ. ಇಲ್ಲಿ ಬರೆಯುವಾಗಲಾದರೂ ಏಕವಚನ ಸಾಕು.

ಆ ಒಂದು ಕಾಯಂ ಕೆಲಸ ಅಕ್ತರ್ ಅವರಿಗೆ ಸಿಗಬೇಕಿತ್ತು. ಅದು ನನಗೂ ಗೊತ್ತಿತ್ತು. ಡಿಪ್ಲೊಮಾದವನಿಗೆ ಇಷ್ಟೆಲ್ಲ ಹೇಗೆ ಬರುತ್ತೆ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ?

೧೯೯೯ರ ಬೇಸಿಗೆಯಲ್ಲಿ ಮಾನಿಟರುಗಳು ಇದ್ದಕ್ಕಿದ್ದಂತೆ ನಿಲ್ಲತೊಡಗಿದವು. ವಾರಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ, ಯಾವ ಲೆಕ್ಕಕ್ಕೂ ಸಿಗದ ಹಾಗೆ. ನಿಂತರೆ ಪರದೆ ಕಪ್ಪಾಗುತ್ತಿರಲಿಲ್ಲ, ಅದೇ ದೊಡ್ಡ ಕೇಡು. ಕೊನೆಯ ಚಿತ್ರ ಹಾಗೇ ಉಳಿಯುತ್ತಿತ್ತು. ಅಲೆ ಇದ್ದಲ್ಲೇ, ಸಂಖ್ಯೆ ಇದ್ದಲ್ಲೇ. ದೂರದಿಂದ ನೋಡಿದವರಿಗೆ ಎಲ್ಲ ಸರಿಯಿದೆ ಅನ್ನಿಸಬೇಕು. ಕೂಗುವ ಪೀಪಿಯೂ ಅದೇ ಯಂತ್ರದ್ದು, ಅದೂ ನಿಂತಿರುತ್ತಿತ್ತು.

ಒಂದು ತಿಂಗಳು ಎಲ್ಲರೂ ತಲೆ ಕೆಡಿಸಿಕೊಂಡೆವು. ಕಂಡುಹಿಡಿದವರು ಅಕ್ತರ್. ಒಂದು ದಿನ ಬೆಳಿಗ್ಗೆ ಆ ಕಾಗದದ ಕಂತೆಯನ್ನು ನನ್ನ ಮೇಜಿನ ಮೇಲೆ ಹಾಸಿ, “ಜಯಮಾಲಾ, ನೋಡ್ರೀ ಇಲ್ಲಿ. ಸಿಕ್ಕಿಬಿಟ್ಟ ನನ್ಮಗ,” ಅಂದರು.

ವಿಷಯ ಇಷ್ಟು. ಯಂತ್ರದೊಳಗೆ ಮೆಮೊರಿಯ ಒಂದು ಉಗ್ರಾಣವಿದೆ. ಯಾವ ಕೆಲಸಕ್ಕೆ ಎಷ್ಟು ಬೇಕೋ ಅಷ್ಟು ಅಲ್ಲಿಂದ ತೆಗೆದುಕೊಳ್ಳಬೇಕು, ಮುಗಿದ ಮೇಲೆ ವಾಪಸ್ ಇಡಬೇಕು. ಇಬ್ಬರು ಒಟ್ಟಿಗೆ ಕೈಹಾಕಿದರೆ ಗೊಂದಲ. ಅದಕ್ಕೆ ಒಂದು ಬೀಗ: ಒಬ್ಬರು ಒಳಗಿದ್ದರೆ ಇನ್ನೊಬ್ಬರು ಬೀಗ ತೆರೆಯುವ ತನಕ ಕಾಯಬೇಕು. ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಹಾಸಿಗೆಯಿಂದ ಎದೆಬಡಿತದ ಸುದ್ದಿ ಬಂದಾಗಲೆಲ್ಲ ಯಂತ್ರಕ್ಕೆ ಒಂದು ಕರೆಗಂಟೆ ಬಾರಿಸುತ್ತದೆ. ನಮ್ಮ ಭಾಷೆಯಲ್ಲಿ ಅದು ಇಂಟರಪ್ಟ್. ಗಂಟೆ ಬಾರಿಸಿದ ಕೂಡಲೇ ಯಂತ್ರ ಕೈಯಲ್ಲಿದ್ದ ಕೆಲಸವನ್ನು ಹಾಗೇ ಬಿಟ್ಟು ಎದ್ದು ಅದನ್ನು ವಿಚಾರಿಸಬೇಕು, ವಿಚಾರಿಸಿ ಮುಗಿಸಿದ ಮೇಲೇ ಹಳೆಯ ಕೆಲಸ.

“ಈಗ ನೋಡಿ,” ಎಂದು ಅಕ್ತರ್ ವಿವರಿಸಿದರು. “ನಮ್ಮ ವಠಾರದಲ್ಲಿ ಆರು ಮನೆಗೆ ಒಂದೇ ಬಚ್ಚಲು. ನಾನು ಒಳಗೆ ಹೋಗಿ ಚಿಲಕ ಹಾಕ್ದೆ ಅನ್ಕೊಳ್ಳಿ. ಆಗ್ಲೇ ಬಾಗಿಲಲ್ಲಿ ಯಾರೋ ಕರೆದ್ರು. ನಾನು ಜಿನ್ ಭೂತದ ಥರ ಗೋಡೆ ದಾಟಿ ಆಚೆ ಬಂದ್ಬಿಟ್ಟೆ, ಚಿಲಕ ತೆಗೀಲೇ ಇಲ್ಲ. ಬಂದೋರು ಏನ್ ಕೇಳಿದ್ರು? ಬಚ್ಚಲಿಂದ ಒಂದು ಚೊಂಬು ನೀರು ತಗೊಂಡ್ ಬಾ ಅಂದ್ರು. ನಾನು ಹೋಗಿ ಬಚ್ಚಲ ಬಾಗಿಲು ಬಡೀತಾ ನಿಂತೆ. ಒಳಗಿರೋನು ಬಂದ್ರೆ ತಾನೆ ತೆಗಿಯೋದು? ಒಳಗಿರೋನು ನಾನೇ ಗುರು! ಕಯಾಮತ್ ತನಕ, ಲೋಕ ಮುಳುಗೋ ತನಕ ಬಡೀತಾ ಇರ್ಬೇಕಾಗುತ್ತೆ.”

ನಾನು ಎಷ್ಟು ನಕ್ಕೆನೆಂದರೆ ಕೈಯಲ್ಲಿದ್ದ ಟೀ ಕಾಗದದ ಮೇಲೆ ಚೆಲ್ಲಿತು. ಅವರೂ ನಕ್ಕರು.

ಮದ್ದನ್ನೂ ಅವರೇ ಹೇಳಿದರು. ಬೀಗ ಹಾಕುವ ಮೊದಲು ಗಂಟೆಯನ್ನು ಸುಮ್ಮನಾಗಿಸಬೇಕು, ಬೀಗ ತೆಗೆದ ಮೇಲೆ ಮತ್ತೆ ಬಿಡಬೇಕು. ಅಷ್ಟು ಹೊತ್ತು ಬಂದ ಸುದ್ದಿ ಬಾಗಿಲಲ್ಲಿ ಕಾದಿರುತ್ತದೆ, ಕಳೆದುಹೋಗುವುದಿಲ್ಲ. ಬಿಡುವಾಗಲೂ ಎಚ್ಚರ ಬೇಕು: ಗಂಟೆ ಮೊದಲು ಹೇಗಿತ್ತೋ ಹಾಗೇ ಬಿಡಬೇಕು. ಮೊದಲೇ ಬೇರೆ ಯಾರೋ ಸುಮ್ಮನಾಗಿಸಿದ್ದರೆ ನಾವು ಹೋಗಿ ಬಾರಿಸಲು ಬಿಡಬಾರದು, ಅವರ ಕೆಲಸ ಕೆಡುತ್ತದೆ. ಮೆಮೊರಿಯ ಕೆಲಸದಲ್ಲಿ ಹೀಗೆ ಬೀಗ ಹಾಕುವ ಜಾಗ ಹದಿನಾರು. ಹದಿನಾರನ್ನೂ ಸರಿಮಾಡಿ ಒಂದು ಫ್ಲಾಪಿಯಲ್ಲಿ ಹಾಕಿಟ್ಟರು. ಎರಡು ವಾರ ಪರೀಕ್ಷೆ ಮಾಡಿದರೆ ಸಾಕು ಎಂದು ಶಿವಪುತ್ರನನ್ನು ಕೇಳಿದರು.

ಆದರೆ ಇದಕ್ಕೂ ಮೊದಲೇ ಒಂದು ಎಡವಟ್ಟಾಗಿತ್ತು. ಎಲ್ಲಿ ನಿಲ್ಲುತ್ತಿದೆ ಎಂದು ಹುಡುಕುವುದಕ್ಕೆ ಅಕ್ತರ್ ಬೀಗದ ಹತ್ತಿರ ಒಂದು ಸಾಲು ಸೇರಿಸಿದ್ದರು. ಯಂತ್ರ ಅಲ್ಲಿಗೆ ಬಂದಾಗಲೆಲ್ಲ ‘ಬಂದೆ’ ಎಂದು ಬರೆದಿಡುವ ಸಾಲು. ಅದನ್ನು ಹಾಕಿದ ದಿನದಿಂದ ಯಂತ್ರ ನಿಲ್ಲುವುದನ್ನೇ ಬಿಟ್ಟಿತು! ಬರೆಯುವಷ್ಟು ಹೊತ್ತು ಯಂತ್ರ ಗಂಟೆಗೆ ಕಿವಿಗೊಡುವುದಿಲ್ಲ. ಬರೆದು ಮುಗಿದ ಕೂಡಲೇ ಕಾದಿದ್ದ ಗಂಟೆಗಳೆಲ್ಲ ಬಾರಿಸಿ ಮುಗಿಯುತ್ತವೆ, ಆಮೇಲೆ ಬೀಗ. ಹಾಗಾಗಿ ಬೀಗ ಹಾಕಿದ ಹೊತ್ತಿಗೆ ಗಂಟೆ ಬರುವುದು ತಪ್ಪಿತ್ತು, ಅಷ್ಟೇ.

ಶಿವಪುತ್ರನಿಗೆ ಅಷ್ಟೇ ಸಾಕಾಯಿತು. “ಪ್ರಾಬ್ಲಮ್ ಹೋಯ್ತಲ್ಲ ಅಕ್ತರ್, ಇನ್ನೇನ್ರೀ ನಿಮ್ದು?” ಅಂದ.

“ಹೋಗಿಲ್ಲ ಸರ್. ಅಡಗಿದೆ. ಫ್ಲಾಪೀಲಿ ಇರೋದನ್ನ ಹಾಕೋಣ.”

“ಗಂಟೆ ನಿಲ್ಲಿಸ್ತೀನಿ ಅಂತೀರಿ. ರೋಗಿ ಎದೆಬಡಿತ ತಪ್ಪಿದ್ರೆ ನೀವು ಬಂದು ಉತ್ತರ ಹೇಳ್ತೀರಾ?”

“ತಪ್ಪಲ್ಲ ಸರ್, ಅಳೆದು ನೋಡಿದ್ದೀನಿ. ಕಣ್ಣು ಮಿಟುಕಿಸೋ ಹೊತ್ತಲ್ಲಿ ಸಾವಿರದಲ್ಲಿ ಒಂದು ಪಾಲೂ ಇಲ್ಲ.”

“ಆರ್ಡರ್ ಕೊಟ್ಟಿರೋರು ಕಾಯ್ತಾ ಕೂತಿದ್ದಾರೆ. ಈಗ ಹದಿನಾರು ಕಡೆ ಕೈ ಆಡಿಸೋದು ಬೇಡ. ಹೋಗಿ.”

ಅಕ್ತರ್ ಬಂದು ಆ ಸಾಲಿನ ಮೇಲೆ ಒಂದು ಟಿಪ್ಪಣಿ ಬರೆದರು: ‘ಇದನ್ನು ತೆಗೆಯಬೇಡಿ. ತೆಗೆಯುವ ಮೊದಲು ನನ್ನನ್ನು ಕೇಳಿ.’ ನನ್ನನ್ನೂ ಕರೆದು ತೋರಿಸಿದರು. “ಈ ಒಂದು ಸಾಲು ಮಾತ್ರ ಯಾರೂ ಮುಟ್ಟಬಾರ್ದು ಜಯಮಾಲಾ. ಇದು ಔಷಧಿ ಅಲ್ಲ, ಗಾಯದ ಮೇಲಿನ ಬಟ್ಟೆ. ಬಟ್ಟೆ ಕಿತ್ರೆ ರಕ್ತ ಬರುತ್ತೆ,” ಅಂದರು. ಆಯಿತು ಅಂದೆ.

ಇಲ್ಲಿ ನಮ್ಮ ಆಫೀಸಿನ ಒಂದು ಪದ್ಧತಿ ಹೇಳಬೇಕು. ಬರೆದದ್ದನ್ನೆಲ್ಲ ಯಂತ್ರದ ಭಾಷೆಗೆ ತಿರುಗಿಸುವ ಸಾಫ್ಟ್‌ವೇರ್ ನಮ್ಮಲ್ಲಿ ಒಂದೇ ಕಂಪ್ಯೂಟರಿನಲ್ಲಿತ್ತು. ಅದರ ಹಿಂದೆ ಬೆರಳುದ್ದದ ಒಂದು ಡಾಂಗಲ್ ಸಿಕ್ಕಿಸಿದ್ದರೆ ಮಾತ್ರ ಅದು ನಡೆಯುವುದು. ಆ ಕಂಪ್ಯೂಟರ್ ಅಕ್ತರ್ ಅವರದು. ಬೆಳಿಗ್ಗೆ ಅವರು ತಮ್ಮ ಹೆಸರಿನಲ್ಲಿ ತೆರೆದರೆ ಸಂಜೆ ತನಕ ತೆರೆದೇ ಇರುತ್ತಿತ್ತು. ನಾವು ಯಾರು ಏನು ಬದಲಾಯಿಸಿದರೂ ಅಲ್ಲೇ ಕೂತು ಬದಲಾಯಿಸುತ್ತಿದ್ದೆವು, ದಾಖಲೆಯಲ್ಲಿ ಬೀಳುತ್ತಿದ್ದ ಹೆಸರು ಅವರದು. ಶುಕ್ರವಾರ ಹನ್ನೆರಡೂವರೆಗೆ ಅವರು ಸ್ಕೂಟರ್ ಹತ್ತಿ ಹಲಸೂರಿಗೆ ಜುಮ್ಮಾ ನಮಾಜಿಗೆ ಹೋಗುತ್ತಿದ್ದರು, ಬರುವಾಗ ಎರಡು ದಾಟುತ್ತಿತ್ತು. ಮೊದಮೊದಲು ಕಂಪ್ಯೂಟರಿಗೆ ಲಾಕ್ ಹಾಕಿಯೇ ಹೋಗುತ್ತಿದ್ದರು. “ಉಳಿದೋರ ಕೆಲಸ ನಿಲ್ಲುತ್ತೆ, ತೆರೆದಿಟ್ಟು ಹೋಗ್ರೀ,” ಎಂದು ಗದರಿದವನು ಶಿವಪುತ್ರ. ಆಗ ನಾನು ಪಕ್ಕದಲ್ಲೇ ನಿಂತಿದ್ದೆ.

ಆಗಸ್ಟಿನಲ್ಲಿ ಕುಕ್ ಟೌನಿನ ಒಂದು ನರ್ಸಿಂಗ್ ಹೋಮಿನಿಂದ ದೂರು ಬಂತು. ‘ಬಂದೆ ಬಂದೆ ಬಂದೆ’ ಎಂದು ಬರೆದೂ ಬರೆದೂ ಡಿಸ್ಕ್ ತುಂಬಿಹೋಗಿ, ರೋಗಿಗಳ ದಾಖಲೆ ಇಡಲು ಜಾಗವಿಲ್ಲವಂತೆ. ಅವತ್ತು ಶುಕ್ರವಾರ. ಅಕ್ತರ್ ಆಗಲೇ ಹೊರಟುಹೋಗಿದ್ದರು. ಶಿವಪುತ್ರ ನನ್ನನ್ನು ಕರೆದ. ನಾವಿಬ್ಬರೇ ಇದ್ದಾಗ ಅವನಿಗೆ ಊರಿನ ಮಾತು ಬರುತ್ತಿತ್ತು.

“ಜಯಮಾಲಾ, ಆ ಲೈನ್ ತಗದ್ ಹಾಕವ್ವ. ಸಂಜಿಗೆ ಹೊಸ ಕಾಪಿ ಕಳಿಸಬೇಕಾಗ್ಯದ.”

“ಸರ್, ಅಕ್ತರ್ ಅದನ್ನ ತೆಗಿಬೇಡಿ ಅಂದಿದ್ದಾರೆ.”

“ಮ್ಯಾನೇಜರ್ ಅಂವನೋ ನಾನೋ? ಕಾಯಂ ಲಿಸ್ಟ್ ಬರೆಯೋರು ಯಾರು, ಹೇಳು ನೋಡೂನು.”

ಒಂದು ಗಂಟೆ ಕಾದಿದ್ದರೆ ಅಕ್ತರ್ ಬರುತ್ತಿದ್ದರು. ಬಂದರೆ ಬೇಡ ಅನ್ನುತ್ತಿದ್ದರು. ಅವರು ಹೇಳುವುದು ಸರಿಯಾಗಿರುತ್ತಿತ್ತು. ಅದೇ ನನಗೆ ಬೇಡವಾಗಿತ್ತು. ಒಂದು ಇಪ್ಪತ್ತಕ್ಕೆ ಅವರ ಕುರ್ಚಿಯಲ್ಲಿ ಕೂತು ಆ ಸಾಲನ್ನು ಅಳಿಸಿದೆ. ಅದರ ಮೇಲಿದ್ದ ಟಿಪ್ಪಣಿಯನ್ನೂ ಅಳಿಸಿದೆ. ಎದ್ದು ಹೋಗಿ ಡಬ್ಬಿ ಬಿಚ್ಚಿ ಊಟ ಮಾಡಿದೆ. ಅವ್ವ ಶೇಂಗಾ ಚಟ್ನಿ ಹಾಕಿಕೊಟ್ಟಿದ್ದಳು. ಅಕ್ತರ್ ವಾಪಸ್ ಬಂದಾಗ ಈ ವಿಷಯ ಅವರಿಂದ ಮುಚ್ಚಿಟ್ಟೆ. ಸಂಜೆ ಹೊಸ ಕಾಪಿ ಕುಕ್ ಟೌನಿಗೆ ಹೋಯಿತು.

ಹನ್ನೆರಡು ದಿನ ಏನೂ ಆಗಲಿಲ್ಲ. ನನಗೂ ಧೈರ್ಯ ಬಂದಿತ್ತು. ಹದಿಮೂರನೇ ದಿನ, ಬುಧವಾರ ಮಧ್ಯಾಹ್ನ ಮೂರೂಕಾಲಿಗೆ ಕುಕ್ ಟೌನಿನ ಮಾನಿಟರು ನಿಂತಿತು. ಆರನೇ ಹಾಸಿಗೆಯಲ್ಲಿ ಪಿಳ್ಳಮ್ಮ ಎಂಬ ಮುದುಕಿ ಇದ್ದರು, ಹಲಸೂರಿನಲ್ಲಿ ಹೂ ಮಾರುತ್ತಿದ್ದವರು. ಪರದೆಯಲ್ಲಿ ಅವರ ಬಡಿತ ಎಪ್ಪತ್ತೆರಡು. ನರ್ಸ್ ಎರಡು ಸಲ ತಲೆಯೆತ್ತಿ ನೋಡಿದಳಂತೆ, ಎರಡು ಸಲವೂ ಎಪ್ಪತ್ತೆರಡು. ಹನ್ನೊಂದು ನಿಮಿಷದ ಮೇಲೆ ಮಗಳು ಎಳನೀರು ತಂದು ಕುಡಿಸಲು ಹೋದಾಗ ಬಾಯಿ ತೆರೆಯಲಿಲ್ಲ. ಪರದೆಯಲ್ಲಿ ಆಗಲೂ ಎಪ್ಪತ್ತೆರಡೇ ಇತ್ತು.

ಮಾನಿಟರ್ ಸರಿಯಿದ್ದರೂ ಅವರು ಉಳಿಯುವುದು ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ಆ ಮಾತನ್ನು ಹಿಡಿದುಕೊಂಡೇ ಇಷ್ಟು ವರ್ಷ ಅನ್ನ ತಿಂದಿದ್ದೇನೆ.

ಮೂರು ದಿನದ ಮೇಲೆ ಕಂಪನಿಯ ಯಜಮಾನರು ವಿಚಾರಣೆಗೆ ಕೂತರು. ಕೋಣೆಯಲ್ಲಿ ಅವರು, ಶಿವಪುತ್ರ, ಅಕ್ತರ್ ಮತ್ತು ನಾನು. ಮೇಜಿನ ಮೇಲೆ ದಾಖಲೆಯ ಹಾಳೆ. ಸಾಲು ಅಳಿಸಿದ ದಿನ, ಹೊತ್ತು, ಅಳಿಸಿದವರ ಹೆಸರು. ಅಕ್ತರ್ ಆ ಹಾಳೆಯನ್ನು ಅಲ್ಲೇ ಮೊದಲ ಸಲ ನೋಡಿದ್ದು. ಬರೆದಿದ್ದ ಹೊತ್ತಿನ ಮೇಲೆ ಬೆರಳಿಟ್ಟರು.

“ಸರ್, ಇದು ಶುಕ್ರವಾರ ಒಂದು ಇಪ್ಪತ್ತು. ಆ ಹೊತ್ತಲ್ಲಿ ನಾನು ಎಲ್ಲಿರ್ತೀನಿ ಅಂತ ಇಲ್ಲಿ ಎಲ್ಲರಿಗೂ ಗೊತ್ತು. ನಮಾಜಿಗೆ ಹೋಗಿದ್ದೆ.”

“ಅಂದ್ರೆ ಕಂಪ್ಯೂಟರ್ ತೆರೆದಿಟ್ಟು ಹೋಗಿದ್ರಿ,” ಅಂದರು ಯಜಮಾನರು.

“ತೆರೆದಿಟ್ಟು ಹೋಗು ಅಂತ ಶಿವಪುತ್ರ ಸಾರೇ ಹೇಳಿದ್ದು ಸರ್. ಕೇಳಿ ಬೇಕಾದ್ರೆ.”

ಶಿವಪುತ್ರ ಪೆನ್ನಿನ ಮುಚ್ಚಳ ತಿರುಗಿಸುತ್ತಾ, “ಹಾಗೆ ನಾನ್ಯಾಕೆ ಹೇಳ್ಲಿ ಸರ್? ಅಷ್ಟು ತಿಳುವಳಿಕೆ ಇಲ್ವಾ ನನಗೆ?” ಅಂದ.

ಅಕ್ತರ್ ನನ್ನ ಕಡೆ ತಿರುಗಿದರು. “ಜಯಮಾಲಾ, ನೀವೂ ಅಲ್ಲೇ ಇದ್ರಿ. ನೆನಪಿದೆ ತಾನೆ? ಹೇಳಿ.”

ಆ ಹೊತ್ತಿಗೆ ಒಂದು ವಿಮಾನ ಬಂತು. ಗಾಜು ಗಡಗಡ ಅಂದಿತು. ರೂಢಿಯ ಹಾಗೆ ಎಲ್ಲರೂ ಸುಮ್ಮನೆ ಕಾದರು. ಅಷ್ಟು ಹೊತ್ತು ನನಗೆ ಸಿಕ್ಕಿತ್ತು, ಸತ್ಯ ಹೇಳಲಿಕ್ಕೆ ಧಾರಾಳವಾಗಿ ಸಾಕಿತ್ತು. ಅವ್ವ, ಬಾಡಿಗೆ ಕೋಣೆ, ಊರಿಗೆ ವಾಪಸ್ ಹೋಗಿ ಎಲ್ಲರೆದುರು ತಲೆ ತಗ್ಗಿಸುವುದು, ಎಲ್ಲ ಕಣ್ಣ ಮುಂದೆ ಬಂತು. ವಿಮಾನ ಹೋಯಿತು.

“ನನಗೆ ನೆನಪಿಲ್ಲ ಸರ್,” ಅಂದೆ.

ಅಕ್ತರ್ ನನ್ನ ಮುಖವನ್ನೇ ನೋಡಿದರು. ಅಳಿಸಿದ್ದು ಯಾರು ಎಂದು ಅವರಿಗೆ ಆಗ ಗೊತ್ತಾಯಿತು, ಗೊತ್ತಾದದ್ದು ನನಗೂ ಗೊತ್ತಾಯಿತು. ಕಂಪ್ಯೂಟರಿಗೆ ಲಾಕ್ ಹಾಕದೆ ಹೋದದ್ದು ನಿರ್ಲಕ್ಷ್ಯ ಎಂದು ಬರೆದು ಅವತ್ತೇ ಅವರನ್ನು ಕೆಲಸದಿಂದ ತೆಗೆದರು. ಹೋಗುವಾಗ ಮೇಜಿನ ಡ್ರಾಯರಿನಿಂದ ಟಿಫನ್ ಡಬ್ಬಿ, ನಮಾಜಿನ ಟೋಪಿ ತೆಗೆದುಕೊಂಡರು. ಫ್ಲಾಪಿಯನ್ನು ಮೇಜಿನ ಮೇಲೇ ಬಿಟ್ಟರು.

ಆ ಫ್ಲಾಪಿಯಲ್ಲಿದ್ದ ಹದಿನಾರು ಬೀಗಗಳನ್ನು ಮುಂದಿನ ವಾರ ನಾನೇ ಹಾಕಿದೆ. ಈಗ ಯಾರೂ ಬೇಡ ಅನ್ನಲಿಲ್ಲ. ದಾಖಲೆಯಲ್ಲಿ ನನ್ನ ಹೆಸರು ಬಿತ್ತು. ಮಾನಿಟರು ವಾರವಾರ ನಿಲ್ಲುವುದು ತಪ್ಪಿತು, ನನ್ನ ಕೆಲಸ ಕಾಯಂ ಆಯಿತು, ವರ್ಷದ ಕೊನೆಗೆ ಯಜಮಾನರು ಶಾಲು ಹೊದಿಸಿ ಚಪ್ಪಾಳೆ ಹೊಡೆಸಿದರು. ಮೊದಲು ಚಪ್ಪಾಳೆ ಶುರುಮಾಡಿದವನು ಶಿವಪುತ್ರ.

ಅದೇ ಡಿಸೆಂಬರಿನಲ್ಲಿ ಆಫೀಸಿಗೆ ನನ್ನ ಹೆಸರಿಗೆ ಒಂದು ಕಾಗದ ಬಂತು. ವಿಳಾಸದ ಅಕ್ಷರ ನೋಡಿದ ಕೂಡಲೇ ಯಾರದೆಂದು ತಿಳಿಯಿತು. ಆ ಗುಂಡನೆಯ ಅಕ್ಷರವನ್ನು ಮಡಿಕೆ ಕಾಗದದ ಅಂಚಿನಲ್ಲಿ ದಿನವೂ ನೋಡುತ್ತಿದ್ದವಳಲ್ಲವೇ ನಾನು! ಬೈದು ಬರೆದಿರುತ್ತಾರೆ ಎಂದುಕೊಂಡೆ. ಬೈಸಿಕೊಳ್ಳುವ ಧೈರ್ಯವೂ ಬರಲಿಲ್ಲ, ಹರಿದು ಎಸೆಯುವ ಧೈರ್ಯವೂ ಬರಲಿಲ್ಲ. ಮನೆಗೆ ತಂದು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಸೀರೆ ತೆಗೆಯುವಾಗ ಕೈಗೆ ತಾಗುತ್ತಿತ್ತು. ಆಮೇಲೆ ಆ ಅಂಕಣದ ಸೀರೆಗಳನ್ನು ಉಡುವುದನ್ನೇ ಬಿಟ್ಟೆ.

ಎಂಟು ವರ್ಷ ಹೀಗೇ ಹೋಯಿತು.

೨೦೦೭ರ ನವೆಂಬರಿನಲ್ಲಿ ಅವ್ವನಿಗೆ ಎದೆನೋವು ಬಂತು. ಹತ್ತಿರದ ಆಸ್ಪತ್ರೆಗೆ ಸೇರಿಸಿದೆ. ವಾರ್ಡಿಗೆ ಕಾಲಿಟ್ಟರೆ ನರ್ಸ್ ಮೇಜಿನ ಮೇಲೆ ನಮ್ಮದೇ ಮಾನಿಟರು. ಅವ್ವನದು ಮೂರನೇ ಹಾಸಿಗೆ, ಪರದೆಯಲ್ಲಿ ಎಂಬತ್ತೊಂದು. ಆ ಸಂಖ್ಯೆ ಅವ್ವನದೋ, ನಿಂತುಹೋದ ಚಿತ್ರದ್ದೋ? ಅವ್ವನ ಮಣಿಕಟ್ಟು ಹಿಡಿದು, ನನ್ನ ವಾಚು ನೋಡುತ್ತಾ ಎಣಿಸತೊಡಗಿದೆ. ಒಂದು ನಿಮಿಷ ಎಣಿಸಿ ಪರದೆ ನೋಡುವುದು, ಮತ್ತೆ ಎಣಿಸುವುದು.

“ಯಾಕವ್ವ, ಹಂಗ್ಯಾಕ ಕೈ ಹಿಡ್ಕೊಂಡು ಕುಂತಿ?” ಅಂದಳು ಅವ್ವ. “ಅದು ನೀ ಮಾಡಿದ್ದ ಡಬ್ಬಿ ಅಲ್ಲೇನು? ಅದ್ರ ಮ್ಯಾಲ ನಿನಗ ನಂಬಿಕಿ ಇಲ್ಲೇನು?”

ಮರುದಿನ ಬೆಳಿಗ್ಗೆ ಪಕ್ಕದ ಮನೆಯವರನ್ನು ಅವ್ವನ ಹತ್ತಿರ ಕೂರಿಸಿ ಶಿವಾಜಿನಗರಕ್ಕೆ ಹೋದೆ. ರಸೆಲ್ ಮಾರ್ಕೆಟ್ಟಿನ ಹಿಂದೆ ಕೇಳುತ್ತಾ ಹೋದರೆ ಅಂಗಡಿ ಸಿಕ್ಕಿತು. ತಂದೆಯ ಕಾಲದ ರೇಡಿಯೋಗಳು ಅಟ್ಟದ ಮೇಲೆ, ಕೆಳಗೆ ರಿಪೇರಿಗೆ ಬಂದ ಯುಪಿಎಸ್‌ಗಳು. ಅಕ್ತರ್ ಬೆಸುಗೆ ಹಾಕುತ್ತಾ ಕೂತಿದ್ದರು. ಕೂದಲೆಲ್ಲ ಬೆಳ್ಳಗಾಗಿತ್ತು. ತಲೆಯ ಮೇಲೊಂದು ಫ್ಯಾನು ಕೂಡ ಇರಲಿಲ್ಲ.

ಕ್ಷಮಿಸಿ ಎಂದು ಶುರುಮಾಡಬೇಕಿತ್ತು. ಅದೂ ಬರಲಿಲ್ಲ ನನಗೆ. “ಅಕ್ತರ್, ನಮ್ಮಮ್ಮ ಆಸ್ಪತ್ರೇಲಿದ್ದಾರೆ. ನಮ್ಮ ಮಷೀನೇ ಹಾಕಿದ್ದಾರೆ. ಅದು ನಿಲ್ಲಲ್ಲ ತಾನೆ?” ಅಂದೆ.

ಅವರು ತಲೆಯೆತ್ತಿ ನೋಡಿದರು. “ಹದಿನೇಳನೇದು ಹಾಕಿದ್ರೆ ನಿಲ್ಲಲ್ಲ.”

“ಹದಿನಾರು ತಾನೆ ಇದ್ದಿದ್ದು?”

“ಫ್ಲಾಪೀಲಿ ಹದಿನಾರು. ಆಮೇಲೆ ಮನೇಲಿದ್ದ ಪ್ರಿಂಟು ತೆಗೆದು ಮತ್ತೆ ಓದ್ದೆ. ಕೆಲಸ ಇರ್ಲಿಲ್ವಲ್ಲ, ಟೈಮ್ ಬೇಜಾನ್ ಇತ್ತು. ಇನ್ನೊಂದು ಸಿಕ್ತು. ನಿಮಗೆ ಕಾಗದ ಹಾಕಿದ್ನಲ್ಲ, ಬರ್ಲಿಲ್ವಾ?”

“ಬಂತು.”

“ಮತ್ತೆ?”

“ಓದ್ಲಿಲ್ಲ.”

ಕೈಯಲ್ಲಿದ್ದುದನ್ನು ಅವರು ಕೆಳಗಿಟ್ಟರು. “ಎಂಟು ವರ್ಷ?” ಅಂದರು. ಕೂತಲ್ಲಿಂದ ಎದ್ದೇ ಬಿಟ್ಟರು. “ಯಾ ಅಲ್ಲಾ! ಹೋಗ್ರೀ. ಮೊದ್ಲು ಅಮ್ಮನ ಹತ್ರ ಹೋಗಿ. ಮಷೀನ್ ಕಡೆ ನೋಡ್ಬೇಡಿ, ಅವರ ಕೈ ಹಿಡ್ಕೊಂಡು ಕೂತ್ಕೊಳ್ಳಿ. ಹೋಗಿ ಅಂದ್ನಲ್ಲ!”

ದಾರಿಯಲ್ಲಿ ಆಟೋ ನಿಲ್ಲಿಸಿಕೊಂಡು ಮನೆಗೆ ಹೋಗಿ ಬೀರು ತೆಗೆದೆ. ಕಾಗದದಲ್ಲಿ ಎರಡು ಹಾಳೆ ಇತ್ತು. ಬೈಗುಳ ಒಂದೂ ಇರಲಿಲ್ಲ, ಹುಡುಕಿದೆ. ಒಬ್ಬ ರೋಗಿಯ ತಂತಿಯನ್ನು ಎಕ್ಸ್‌ರೇಗೋ ಸ್ನಾನಕ್ಕೋ ಕಳಚಿ ಮತ್ತೆ ಸಿಕ್ಕಿಸಿದಾಗ ಯಂತ್ರ ಆ ಹಾಸಿಗೆಯ ಮೆಮೊರಿಯನ್ನೆಲ್ಲ ಒಟ್ಟಿಗೆ ಉಗ್ರಾಣಕ್ಕೆ ವಾಪಸ್ ಇಡುತ್ತದೆ, ಅಲ್ಲಿ ಬೀಗ ಹಾಕುವ ಮೊದಲು ಗಂಟೆಯನ್ನು ಸುಮ್ಮನಾಗಿಸಿಲ್ಲ ಎಂದು ಚಿತ್ರ ಬರೆದು ವಿವರಿಸಿದ್ದರು. ಏನು ಬದಲಾಯಿಸಬೇಕು ಎಂದು ಎರಡು ಸಾಲಿನಲ್ಲಿ ಬರೆದಿದ್ದರು. ಕೊನೆಗೆ: ‘ಅಪರೂಪಕ್ಕೆ ಆಗುತ್ತೆ, ಆದರೆ ಆಗುತ್ತೆ. ದಯವಿಟ್ಟು ಬೇಗ ಹಾಕಿ. ಪಿಳ್ಳಮ್ಮನವರ ಹಾಗೆ ಇನ್ನೊಬ್ಬರಿಗೆ ಆಗಬಾರದು.’

ಬೀರುವಿನ ಮುಂದೆ ನೆಲದ ಮೇಲೆ ಕೂತು ಹೋ ಎಂದು ಅತ್ತೆ. ಅತ್ತು ಎದ್ದು ಆಸ್ಪತ್ರೆಗೆ ಹೋದೆ. ಐದು ದಿನ ಅವ್ವನ ಕೈ ಬಿಡಲಿಲ್ಲ. ಅವ್ವ ಉಳಿದಳು, ಮನೆಗೆ ಬಂದಳು.

ಆಫೀಸಿಗೆ ಹೋದ ಮೇಲೆ ಹಳೆಯ ದೂರುಗಳ ಫೈಲು ತೆಗೆದೆ. ಎಂಟು ವರ್ಷದಲ್ಲಿ ಮಾನಿಟರು ನಿಂತಿತೆಂದು ಏಳು ದೂರು ಬಂದಿದ್ದವು. ಏಳರಲ್ಲೂ ತಂತಿ ಸಿಕ್ಕಿಸುವಾಗ ನಿಂತಿತು ಎಂದು ನರ್ಸುಗಳು ಸರಿಯಾಗಿಯೇ ಬರೆದಿದ್ದರು. ಏಳಕ್ಕೂ ನಮ್ಮ ಉತ್ತರ ಒಂದೇ: ‘ತಂತಿ ಸಡಿಲವಿತ್ತು, ಬದಲಾಯಿಸಲಾಗಿದೆ.’ ಮೂರರ ಕೆಳಗೆ ನನ್ನ ಸಹಿ. ಆ ಹಾಸಿಗೆಗಳಲ್ಲಿ ಯಾರಿದ್ದರು, ಏನಾದರು ಎಂದು ಕೇಳೋಣವೆಂದು ಫೋನ್ ಎತ್ತಿದೆ. ಇಟ್ಟುಬಿಟ್ಟೆ.

ಹದಿನೇಳನೆಯದನ್ನು ಅವತ್ತೇ ಬರೆದೆ. ಈಗಿನ ಪದ್ಧತಿಯ ಫಾರಂ ತುಂಬಬೇಕು. ಕಂಡುಹಿಡಿದವರು: ಅಕ್ತರ್. ದಿನಾಂಕ: ಡಿಸೆಂಬರ್ ೧೯೯೯. ಶಿವಪುತ್ರ ಈಗ ಡೈರೆಕ್ಟರು. ಓದಿ ಬಾಗಿಲು ಮುಚ್ಚಿದ.

“ಎಂಟು ವರ್ಷ ಎಲ್ಲಿತ್ತು ಇದು?”

“ನನ್ನ ಬೀರುವಿನಾಗ ಇತ್ತು ಸರ್.”

“ತಲಿ ಕೆಟ್ಟದೇನು ನಿನಗ? ನಾನೂರು ಮಷೀನ್ ಹೊರಗ ಅವ. ಈ ಕಾಗದ ಹೊರಗ ಬಿದ್ರ ನೀನೂ ಇರಂಗಿಲ್ಲ, ನಾನೂ ಇರಂಗಿಲ್ಲ.” ಅವನೇ ಹೊಸ ಫಾರಂ ತುಂಬಿದ. ಮಾಮೂಲು ತಪಾಸಣೆ, ಕಂಡುಹಿಡಿದವರು ಜಯಮಾಲಾ, ದಿನಾಂಕ ಅವತ್ತಿನದು. ಪೆನ್ನು ನನ್ನ ಕಡೆ ಚಾಚಿದ. ಈ ಸಲ ವಿಮಾನವೇನೂ ಬರಲಿಲ್ಲ. ನಾನು ಸಹಿ ಮಾಡಿದೆ. ನಾನೂರು ಮಷೀನಿಗೂ ಅದು ಹೋಗಬೇಕಾದರೆ ಸಹಿ ಬೇಕಿತ್ತು ಎಂದು ನನಗೆ ನಾನೇ ಹೇಳಿಕೊಂಡೆ.

ಕೊನೆಯ ಮಷೀನಿಗೂ ಹಾಕಿ ಮುಗಿದ ಮೇಲೆ ಅಕ್ತರ್ ಅವರಿಗೆ ಹೇಳಿಬರಲು ಹೋದೆ. ಶುಕ್ರವಾರವೆಂದು ಹೊಳೆದಿರಲಿಲ್ಲ. ಅವರು ಕೈಕಾಲು ತೊಳೆದು ಟೋಪಿ ಹಾಕಿಕೊಳ್ಳುತ್ತಿದ್ದರು.

“ಅಮ್ಮ?”

“ಚೆನ್ನಾಗಿದ್ದಾರೆ.”

“ಹದಿನೇಳನೇದು ಹಾಕಿದ್ರಾ?”

“ಹಾಕಿದೆ. ಎಲ್ಲ ಕಡೆ.”

“ಗಂಟೆ ಮೊದ್ಲು ಹೆಂಗಿತ್ತೋ ಹಂಗೇ ಬಿಟ್ರಾ?”

“ಬಿಟ್ಟೆ.”

ತಲೆಯಾಡಿಸಿದರು. ಮುಖದಲ್ಲಿ ಒಂದು ಸಮಾಧಾನ ಕಾಣಿಸಿತು, ಅಂದು ನನ್ನ ಮೇಜಿನ ಮೇಲೆ ಮಡಿಕೆ ಕಾಗದ ಹಾಸಿದಾಗ ಇದ್ದಂಥದ್ದು. ಆಮೇಲೆ ಕೇಳಿದರು: “ಯಾರ ಹೆಸರಲ್ಲಿ ಹಾಕಿದ್ರಿ?”

ನಾನು ನೆಲ ನೋಡಿದೆ.

ಅವರು ಬೈಯಲಿಲ್ಲ. ಅಂಗಡಿಯ ಶಟರ್ ಎಳೆದು ಬೀಗ ಹಾಕಿದರು. ಒಂದು ಸಲ ಜಗ್ಗಿ ನೋಡಿದರು, ಸ್ಕೂಟರಿನ ತನಕ ಹೋದವರು ತಿರುಗಿ ಬಂದು ಇನ್ನೊಂದು ಸಲ ಜಗ್ಗಿದರು.

“ನಮಾಜಿಗೆ ಹೊತ್ತಾಯ್ತು, ಬರ್ತೀನಿ,” ಅಂದರು. “ಈಗ ನಾನು ಬೀಗ ಹಾಕದೆ ಎಲ್ಲಿಗೂ ಹೋಗಲ್ಲ, ಜಯಮಾಲಾ.”